ಹಸಿರು ಬಟ್ಟೆಯ ಕೆಳಗಿನ ಮಣ್ಣು

ಯುಲಾಲಿ ಲಿಬರ್ಡ್ ದನಿ ಎತ್ತಿ ಮಾತಾಡಿದ್ದನ್ನು ಥಾರ್ನ್‌ರಾಯ್ಡ್ ಊರಿನಲ್ಲಿ ಯಾರೂ ಕೇಳಿರಲಿಲ್ಲ. ಮಾಂಸದಂಗಡಿಯಲ್ಲಿ ತನ್ನ ಹಿಂದೆ ನಿಂತವರಿಗೆ ಮೊದಲು ತೂಗಿಕೊಟ್ಟರೆ ಅವಳು ಜಗಳವಾಡುತ್ತಿರಲಿಲ್ಲ. ಕೈಚೀಲವನ್ನು ಕೌಂಟರಿನ ಮೇಲೆ ಇಟ್ಟು, ಅಂಗಡಿಯವನ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದಳು. ಅವನು ಅತ್ತ ತಿರುಗಿದರೂ, ಇತ್ತ ತಿರುಗಿದರೂ ಅವಳು ಅಲ್ಲಿಯೇ. ಕೊನೆಗೆ ಅವನೇ ಸೋತು, "ನಿಮಗೇನು ಬೇಕಿತ್ತು?" ಎನ್ನುತ್ತಿದ್ದ. ಬೇಕಾದದ್ದನ್ನು ಕೊಂಡು, ಚಿಲ್ಲರೆಯನ್ನು ಎಣಿಸದೆ ಪರ್ಸಿಗೆ ಹಾಕಿಕೊಂಡು, ಒಳ್ಳೆಯ ದಿನವಾಗಲಿ ಎಂದು ಹೇಳಿ ಹೊರಡುತ್ತಿದ್ದಳು. ಬಸ್ಸಿನಲ್ಲಿ ಯಾರಾದರೂ ಬಹಳ ಮರ್ಯಾದೆಯಿಂದ, "ನೀವು ಮನೆಗೆ ಹಿಂತಿರುಗೋದು ಯಾವಾಗ?" ಎಂದು ಕೇಳಿದರೆ, "ನಾಲ್ಕೂವರೆ ಬಸ್ಸಿಗೆ. ಅಷ್ಟರೊಳಗೆ ಬ್ರೆಡ್ ತಗೋಬೇಕು" ಎಂಬುದು ಅವಳ ಉತ್ತರ.

ಅವಳು ಹುಟ್ಟಿದ್ದು ಕೆರಿಬಿಯನ್ ಕಡಲಿನ ನೀವಿಸ್ ದ್ವೀಪದಲ್ಲಿ. ಗಂಡ ಕ್ಯಾಲ್ವರ್ಟ್ ಮೊದಲು ಬಂದು, ಥಾರ್ನ್‌ರಾಯ್ಡಿನ ಉಣ್ಣೆ ಗಿರಣಿಯಲ್ಲಿ ಬಣ್ಣ ಹಾಕುವ ಕೆಲಸ ಹಿಡಿದು, ಒಂದು ಕೋಣೆ ಹುಡುಕಿಕೊಂಡ ಮೇಲೆ ಅವಳನ್ನು ಕರೆಸಿಕೊಂಡಿದ್ದ. ಅವಳು ಹಡಗಿನಿಂದ ಇಳಿದದ್ದು ಚಳಿಗಾಲದಲ್ಲಿ. ರೈಲು ನಿಲ್ದಾಣದಲ್ಲಿ ಎದುರುಗೊಂಡ ಗಂಡನ ಕೈಗಳು ಮಣಿಕಟ್ಟಿನವರೆಗೂ ನೀಲಿಯಾಗಿದ್ದುದನ್ನು ಕಂಡು, ಚಳಿಗೆ ಹಾಗಾಗಿರಬೇಕೆಂದು ಹೆದರಿ, ಆ ಕೈಗಳನ್ನು ತನ್ನ ಕೋಟಿನೊಳಗೆ ಇಟ್ಟುಕೊಂಡಳಂತೆ. ಆ ವಾರ ಗಿರಣಿಯಲ್ಲಿ ನೀಲಿ ಬಣ್ಣದ ಸರದಿ. ಕ್ಯಾಲ್ವರ್ಟ್ ಈ ಕತೆಯನ್ನು ಸಾಯುವವರೆಗೂ ಹೇಳಿಕೊಂಡು ನಗುತ್ತಿದ್ದ.

ಬಂದ ಮೊದಲ ಭಾನುವಾರ ಅವಳು ಟೋಪಿ, ಕೈಗವಸು ಧರಿಸಿ ಊರಿನ ಬಿಳಿಯರ ದೊಡ್ಡ ಚರ್ಚಿಗೆ ಹೋದಳು. ನೀವಿಸ್‌ನಲ್ಲಿ ಹಾಡುತ್ತಿದ್ದ ಹಾಡುಗಳೇ ಇಲ್ಲಿಯೂ ಇದ್ದವು. ಪುಸ್ತಕ ನೋಡದೆ ಎಲ್ಲವನ್ನೂ ಹಾಡಿದಳು. ಪೂಜೆ ಮುಗಿದು ಹೊರಬರುವಾಗ ಬಾಗಿಲಲ್ಲಿ ನಿಂತಿದ್ದ ಪಾದ್ರಿಗಳು ಅವಳ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು, ಬಂದದ್ದು ಬಹಳ ಸಂತೋಷ, ಆದರೆ ಮುಂದಿನ ವಾರ ಬಾರದಿದ್ದರೆ ಒಳ್ಳೆಯದು, ತಮ್ಮ ಸಭೆಯವರಿಗೆ ಸ್ವಲ್ಪ ಮುಜುಗರವಾಗುತ್ತದೆ ಎಂದರು. ಅವರ ಕೈ ಬೆಚ್ಚಗಿತ್ತು ಎಂಬುದನ್ನು ಅವಳು ಎಂದಿಗೂ ಮರೆಯಲಿಲ್ಲ. ಮುಂದಿನ ಭಾನುವಾರ ತನ್ನ ಕೋಣೆಯ ಮೇಜಿಗೆ ಬಿಳಿಯ ಬಟ್ಟೆ ಹಾಸಿ, ಊರಿನಲ್ಲಿದ್ದ ನೀವಿಸ್ ಮತ್ತು ಸೇಂಟ್ ಕಿಟ್ಸ್ ದ್ವೀಪಗಳವರನ್ನೆಲ್ಲ ಕರೆದಳು. ಕುರ್ಚಿ ಸಾಲದೆ ಕೆಲವರು ಮೆಟ್ಟಿಲ ಮೇಲೆ ಕುಳಿತು ಹಾಡಿದರು. ಆ ಸಭೆಯೇ ಬೆಳೆದು, ಹಳೆಯ ಗೋದಾಮೊಂದನ್ನು ಹಿಡಿದು, ಪ್ರಾರ್ಥನಾ ಮಂದಿರವಾಯಿತು.

ಮುಂದೆ ಅವರು ಒಂದು ಮನೆ ಹಿಡಿದಾಗ ಪಕ್ಕದ ಮನೆಯವಳು ಎನಿಡ್ ಆಕ್‌ರಾಯ್ಡ್ ಎಂಬ ವಿಧವೆ. ಎರಡು ಮನೆಗಳಿಗೂ ಒಂದೇ ಗೋಡೆ. ಉಪ್ಪುಮೀನು ಬೇಯುವ ವಾಸನೆಗೆ ಎನಿಡ್ ಕಿಟಕಿ ಮುಚ್ಚುವ ಸದ್ದು ಯುಲಾಲಿಯ ಒಲೆಯವರೆಗೂ ಕೇಳುತ್ತಿತ್ತು. ಆದರೂ ಹಿತ್ತಿಲಲ್ಲಿ ಬಟ್ಟೆ ಒಣಹಾಕುವಾಗ ಮಾತಿಗೆ ಬರುತ್ತಿದ್ದಳು.

"ನೀವಿಬ್ಬರೂ ಒಳ್ಳೆಯವರೇ ಕಣಮ್ಮ. ನಿಮ್ಮಲ್ಲಿ ಆ ಉಳಿದವರಿದ್ದಾರಲ್ಲ, ಅವರದ್ದೇ ತೊಂದರೆ. ನಮ್ಮ ಜೊತೆ ಬೆರೆಯೋದೇ ಇಲ್ಲ."

"ಆ ಉಳಿದವರು ಭಾನುವಾರ ನಮ್ಮನೇಲೇ ಊಟಕ್ಕಿರ್ತಾರೆ, ಮಿಸೆಸ್ ಆಕ್‌ರಾಯ್ಡ್. ಬನ್ನಿ, ಬೆರೆಸ್ತೀನಿ."

ಎನಿಡ್ ಬರಲಿಲ್ಲ. ಆದರೆ ಮಾತು ಬಿಡಲೂ ಇಲ್ಲ.

ದ್ವೀಪಗಳಿಂದ ಬಂದವರ ಪೈಕಿ ಆ ಊರಿನಲ್ಲಿ ಮೊದಲು ತೀರಿಕೊಂಡವನು ಮುದುಕ ಡಾಸೆಟ್. ಹಿಂದುಮುಂದಿಲ್ಲದ ಒಂಟಿ ಜೀವ. ಎಲ್ಲರೂ ಒಳ್ಳೆಯ ಬಟ್ಟೆ ಧರಿಸಿ ಸ್ಮಶಾನಕ್ಕೆ ಹೋದರು. ನೀವಿಸ್‌ನಲ್ಲಿ ಸತ್ತವರನ್ನು ಮಣ್ಣು ಮಾಡುವುದೆಂದರೆ ತಮ್ಮ ಕೈಯಾರೆ ಮಾಡುವುದು. ಗಂಡಸರು ಸರದಿಯಂತೆ ಸಲಿಕೆ ಹಿಡಿಯುತ್ತಾರೆ, ಹೆಂಗಸರು ಸುತ್ತ ನಿಂತು ಹಾಡುತ್ತಾರೆ. ಗುಂಡಿ ತುಂಬಿ, ದಿಬ್ಬ ಏರಿ, ಅದನ್ನು ತಟ್ಟಿ ನೇರ್ಪುಗೊಳಿಸಿ ಹೂವಿಟ್ಟ ಮೇಲೆಯೇ ಬೆನ್ನು ತಿರುಗಿಸುವುದು. ಇಲ್ಲಿ ನೋಡಿದರೆ ಮಣ್ಣೇ ಕಾಣಲಿಲ್ಲ. ಅಗೆದ ರಾಶಿಯ ಮೇಲೆ ಹುಲ್ಲಿನಂತೆ ಕಾಣುವ ಹಸಿರು ಬಟ್ಟೆ ಹೊದಿಸಿದ್ದರು. ಪ್ರಾರ್ಥನೆ ಮುಗಿದೊಡನೆ ಸ್ಮಶಾನದ ಆಳೊಬ್ಬ ಬಂದು, ಇಷ್ಟೇ, ಎಲ್ಲರಿಗೂ ವಂದನೆ ಎಂದುಬಿಟ್ಟ. ಏನು ಮಾಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತು, ಎಲ್ಲರೂ ಗೇಟಿನತ್ತ ನಡೆದರು. ಕೊಡೆ ಮರೆತಿದ್ದ ಕ್ಯಾಲ್ವರ್ಟ್ ಹಿಂದಿರುಗಿ ಹೋದ. ಹಳದಿ ಬಣ್ಣದ ಯಂತ್ರವೊಂದು ಡಾಸೆಟ್‌ನ ಮೇಲೆ ಮಣ್ಣು ತಳ್ಳುತ್ತಿತ್ತು. ನಡೆಸುವವನ ತುಟಿಯಲ್ಲಿ ಸಿಗರೇಟು.

ಅಂದು ಕ್ಯಾಲ್ವರ್ಟ್ ಊಟ ಮಾಡಲಿಲ್ಲ. ತಟ್ಟೆಯನ್ನು ಸರಿಸಿ ಹೇಳಿದ:

"ಯೂಲಾ, ನನ್ನನ್ನ ಆ ಯಂತ್ರಕ್ಕೆ ಬಿಟ್ಟು ಬರಬೇಡ."

"ಬಿಡಲ್ಲ."

ಗಂಡ ಹೆಂಡಿರ ನಡುವೆ ಆ ವಿಷಯ ಮತ್ತೆ ಬರಲಿಲ್ಲ. ಬರಬೇಕಾದ ಅಗತ್ಯವೂ ಇರಲಿಲ್ಲ.

ಒಂದು ಮಾರ್ಚ್ ತಿಂಗಳಲ್ಲಿ ಎದೆಯ ಕಾಯಿಲೆಯಿಂದ ಕ್ಯಾಲ್ವರ್ಟ್ ಹೋದ. ಯುಲಾಲಿ ಮಗಳು ವರ್ನಾಳನ್ನು ಕರೆದುಕೊಂಡು ಸ್ಮಶಾನದ ಕಚೇರಿಗೆ ಹೋದಳು. ವರ್ನಾ ಥಾರ್ನ್‌ರಾಯ್ಡಿನಲ್ಲೇ ಹುಟ್ಟಿದವಳು, ಉಪಾಧ್ಯಾಯರ ಕಾಲೇಜಿನಲ್ಲಿ ಓದುತ್ತಿದ್ದಳು. ಮುಖ ನೋಡದೆ ಮಾತು ಕೇಳಿದವರು ಅವಳನ್ನು ಆ ಊರಿನ ಯಾವುದೋ ಹಳೆಯ ಮನೆತನದ ಹುಡುಗಿ ಎಂದೇ ತಿಳಿಯುತ್ತಿದ್ದರು.

ಸ್ಮಶಾನದ ಮೇಲ್ವಿಚಾರಕ ಹೇಗ್ ಎಂಬಾತ ಸಭ್ಯ ಮನುಷ್ಯ. ಎದ್ದು ನಿಂತು ಕುರ್ಚಿ ತೋರಿಸಿದ. ಪಕ್ಕಪಕ್ಕದಲ್ಲಿ ಎರಡು ಜಾಗ ಬೇಕೆಂದಾಗ ತಕ್ಷಣ ಒಪ್ಪಿದ. ಗುಂಡಿಯನ್ನು ತಾವೇ ಮುಚ್ಚುತ್ತೇವೆ ಎಂದಾಗ ಮಾತ್ರ ಪೆನ್ನು ಕೆಳಗಿಟ್ಟ. ಅದು ತರಬೇತಿ ಪಡೆದ ಆಳುಗಳ ಕೆಲಸ, ಯಾರಾದರೂ ಜಾರಿ ಬಿದ್ದರೆ ನಗರಸಭೆ ಉತ್ತರ ಹೇಳಬೇಕಾಗುತ್ತದೆ, ಬೇರೆ ಕುಟುಂಬದವರು ನೋಡಿದರೆ ನೊಂದುಕೊಳ್ಳುತ್ತಾರೆ ಎಂದೆಲ್ಲ ವಿವರಿಸಿದ.

"ನಿಮ್ಮ ಮೇಲೆ ನನಗೇನೂ ಇಲ್ಲ, ಮಿಸೆಸ್ ಲಿಬರ್ಡ್. ಆದರೆ ಈ ದೇಶಕ್ಕೆ ಬಂದ ಮೇಲೆ ಇಲ್ಲಿನ ರೀತಿಗೆ ಹೊಂದ್ಕೋಬೇಕಲ್ವಾ? ನಾವು ಇಂಥದ್ದನ್ನ ಸದ್ದಿಲ್ಲದೆ ಮುಗಿಸ್ತೀವಿ."

"ಸದ್ದಿಲ್ಲದೆ ಅಂದ್ರೆ, ಯಂತ್ರದಲ್ಲಾ?"

ಹೇಗ್ ಕೆಮ್ಮಿದ. ಕುಟುಂಬದವರು ಹೋದ ಮೇಲಷ್ಟೇ ಯಂತ್ರ ಬರುವುದು, ಅವರು ಅದನ್ನು ನೋಡಬೇಕಾಗಿಯೇ ಇಲ್ಲ ಎಂದ. ಸಲಿಕೆಗಳೆಲ್ಲ ಕೊಟ್ಟಿಗೆಯಲ್ಲಿ ಬೀಗದೊಳಗಿರುತ್ತವೆ ಎಂಬುದನ್ನೂ, ಬೇರೇನೋ ಹೇಳುವವನಂತೆ, ಸೇರಿಸಿದ.

"ಸರಿ, ಬೀಗ ಹಾಕಿ" ಎಂದು ಯುಲಾಲಿ ಎದ್ದಳು.

ದಾರಿಯಲ್ಲಿ ವರ್ನಾ ಅಮ್ಮನ ತೋಳು ಹಿಡಿದು ಬೇಡಿಕೊಂಡಳು. ಕಾಲೇಜಿನ ಗೆಳತಿಯರು ಬರುತ್ತಾರೆ, ಅಪ್ಪನ ಗಿರಣಿಯವರು ಬರುತ್ತಾರೆ. ಅವರೆದುರು ರಂಪ ಬೇಡ, ಎಲ್ಲರಂತೆ ಒಂದೊಂದು ಹಿಡಿ ಮಣ್ಣು ಹಾಕಿ ಬಂದುಬಿಡೋಣ ಎಂದಳು.

"ನೀನು ಅರ್ಥ ಮಾಡ್ಕೊಳ್ಳಲ್ಲಮ್ಮ. ಇಷ್ಟು ವರ್ಷ ಅವರ ಕಣ್ಣಿಗೆ ಬೀಳದ ಹಾಗೆ ಬದುಕೋದನ್ನ ಕಲಿತಿದ್ದೀನಿ ನಾನು."

"ಗೊತ್ತು ಮಗಳೇ. ಅದೊಂದನ್ನ ನಾನು ನಿನಗೆ ಕಲಿಸಿರಲಿಲ್ಲ. ಎಲ್ಲಿ ಕಲಿತೆಯೋ."

ವರ್ನಾ ಅಮ್ಮನ ತೋಳು ಬಿಟ್ಟು ಮುಂದೆ ಮುಂದೆ ನಡೆದಳು.

ಸಲಿಕೆಯ ಉಪಾಯ ಹೊಳೆದದ್ದು ಒಲೆಯ ಮುಂದೆ. ಥಾರ್ನ್‌ರಾಯ್ಡಿನಲ್ಲಿ ಒಲೆಗೆ ಕಲ್ಲಿದ್ದಲು ಹಾಕುವ ಚಿಕ್ಕ ಸಲಿಕೆ ಇಲ್ಲದ ಮನೆಯೇ ಇರಲಿಲ್ಲ. ಯುಲಾಲಿ ಪ್ರಾರ್ಥನಾ ಮಂದಿರದ ಹೆಂಗಸರಿಗೆಲ್ಲ ಹೇಳಿಕಳುಹಿಸಿದಳು. ತನ್ನದರ ಹಿಡಿ ಮುರಿದಿದ್ದರಿಂದ ಎನಿಡ್‌ಳ ಬಾಗಿಲು ತಟ್ಟಿದಳು.

"ಕಲ್ಲಿದ್ದಲಿಗಾ?" ಎಂದಳು ಎನಿಡ್.

"ಅಲ್ಲ. ಕ್ಯಾಲ್ವರ್ಟ್‌ನನ್ನ ಮಣ್ಣು ಮಾಡೋದಕ್ಕೆ."

ಎನಿಡ್ ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಸಲಿಕೆಯನ್ನು ತೊಳೆದು, ಒರೆಸಿ ತಂದಿದ್ದಳು. "ಸರಿಯಾದ ರೀತಿ ಇದಲ್ಲ ಅಂತಲೇ ನನಗನ್ನಿಸುತ್ತೆ, ಹೇಳಿರ್ತೀನಿ" ಎಂದಳು. ಯುಲಾಲಿ, ಹೇಳಿದ್ದು ಒಳ್ಳೆಯದಾಯಿತು ಎಂದು ಸಲಿಕೆ ಇಸಿದುಕೊಂಡಳು.

ಅಂತ್ಯಕ್ರಿಯೆಯ ದಿನ ಬೆಟ್ಟದ ಕಡೆಯಿಂದ ಗಾಳಿ ಬೀಸುತ್ತಿತ್ತು. ಅವರ ಮಂದಿರದ ಪಾಸ್ಟರು ಪ್ರಾರ್ಥನೆ ಮುಗಿಸಿದರು. ಗಿರಣಿಯ ಬಣ್ಣದ ವಿಭಾಗದ ಗೆಳೆಯರು ಒಬ್ಬೊಬ್ಬರಾಗಿ ಬಂದು ಚಿಟಿಕೆ ಮಣ್ಣು ಹಾಕಿ, ಯುಲಾಲಿಗೆ ತಲೆಬಾಗಿ, ಟೋಪಿ ಹಾಕಿಕೊಂಡು, ಊಟವಿದ್ದ ಮಂದಿರದತ್ತ ನಡೆದರು. ಅವರ ಲೆಕ್ಕದಲ್ಲಿ ಎಲ್ಲವೂ ಮುಗಿದಿತ್ತು. ಅಲ್ಲಿ ಮೇಜಿನ ಸುತ್ತ ಕುಳಿತು, ಮನೆಯವರು ಬಾರದೆ ಮೇಕೆ ಮಾಂಸದ ಸಾರಿಗೆ ಕೈ ಹಾಕಬಾರದೆಂದು, ಆರುತ್ತಿದ್ದ ಪಾತ್ರೆಯನ್ನೇ ನೋಡುತ್ತ ಕಾದರಂತೆ.

ಇತ್ತ ಯಾರೂ ಕದಲಲಿಲ್ಲ. ಆಳು ಬಂದು, ಇಷ್ಟೇ, ವಂದನೆ ಎಂದ. ಯುಲಾಲಿ ಮಣ್ಣಿನ ರಾಶಿಯ ಬಳಿಗೆ ನಡೆದಳು. ಬಗ್ಗಿ, ಹಸಿರು ಬಟ್ಟೆಯ ಒಂದು ಅಂಚನ್ನು ಹಿಡಿದು ಎಳೆದಳು. ಅದು ಭಾರವಾಗಿತ್ತು, ಮಳೆಯಲ್ಲಿ ನೆನೆದಿತ್ತು. ಇನ್ನೊಬ್ಬ ಹೆಂಗಸು ಬಂದು ಮತ್ತೊಂದು ಅಂಚು ಹಿಡಿದಳು. ಬಟ್ಟೆ ಜಾರಿ ಕೆಳಗೆ ಬಿತ್ತು. ಕಲ್ಲು ಬೆರೆತ ಕಂದು ಜೇಡಿಮಣ್ಣು ಎಲ್ಲರ ಮುಂದೆ ಬಯಲಾಯಿತು. ಹೆಂಗಸರ ಕೈಚೀಲಗಳಿಂದ, ಕೋಟುಗಳ ಒಳಗಿನಿಂದ, ಹಾಡಿನ ಪುಸ್ತಕಗಳ ಅಡಿಯಿಂದ ಸಲಿಕೆಗಳು ಹೊರಬಂದು ಗಂಡಸರ ಕೈ ಸೇರಿದವು. ಮೊದಲ ಹೆಂಟೆಗಳು ಪೆಟ್ಟಿಗೆಯ ಮೇಲೆ ಬಿದ್ದ ಸದ್ದು ಕೇಳಿ ವರ್ನಾ ಕಣ್ಣು ಮುಚ್ಚಿಕೊಂಡಳು. ಯುಲಾಲಿ ಹಾಡು ಎತ್ತಿಕೊಂಡಳು.

ಹೇಗ್ ಕಚೇರಿಯಿಂದ ಬೇಗಬೇಗ ಬಂದ. ಹಾಡಿನ ನಡುವೆ ಮಾತಾಡಲು ಸಂಕೋಚಪಟ್ಟು, ಚರಣ ಮುಗಿಯುವವರೆಗೆ ಕಾದ. ಅಷ್ಟು ಸಭ್ಯತೆ ಅವನಲ್ಲಿತ್ತು.

"ನಾವು ಮಾತಾಡಿದ್ದೆವಲ್ಲ, ಮಿಸೆಸ್ ಲಿಬರ್ಡ್."

"ಹೌದು. ನೀವು ಸಲಿಕೆ ಕೊಡಲ್ಲ ಅಂದಿರಿ. ನಾವೇ ತಂದಿದ್ದೀವಿ."

"ದಯವಿಟ್ಟು ನಿಲ್ಲಿಸಿ. ಇಲ್ಲಾಂದ್ರೆ ಪೊಲೀಸರನ್ನ ಕರೆಸಬೇಕಾಗುತ್ತೆ."

"ಕರೆಸಿ. ಅವರು ಬರೋ ಹೊತ್ತಿಗೆ ಮುಗಿದಿರುತ್ತೆ. ಬಂದವರಿಗೆ ಟೋಪಿ ತೆಗೆದು ನಿಂತ್ಕೊಳ್ಳೋಕೆ ಹೇಳಿ."

ಹೇಗ್ ಸುತ್ತ ನೋಡಿದ. ಕಣ್ಣು ವರ್ನಾಳ ಮೇಲೆ ಬಿತ್ತು. ಅವಳ ಬಳಿಗೆ ಹೋಗಿ ದನಿ ತಗ್ಗಿಸಿದ.

"ನೀನು ಓದಿದ ಹುಡುಗಿ, ಇಲ್ಲೇ ಹುಟ್ಟಿದವಳು. ನಿನಗೆ ನಮ್ಮ ರೀತಿ ಗೊತ್ತು. ನಿನ್ನ ಅಮ್ಮನಿಗೆ ಸ್ವಲ್ಪ ತಿಳಿಸಿ ಹೇಳಮ್ಮ."

ವರ್ನಾಳ ಮುಖ ಬಿಸಿಯಾಯಿತು. ಅವಳ ಕಾಲೇಜಿನ ಗೆಳತಿಯರು ದೂರದ ಸಮಾಧಿ ಕಲ್ಲುಗಳ ನಡುವೆ ನಿಂತು ನೋಡುತ್ತಿದ್ದರು. ಇಷ್ಟು ವರ್ಷ ಯಾರ ಕಣ್ಣಿಗೆ ಬೀಳದಿರಲು ಪಾಡು ಪಟ್ಟಳೋ ಅವರೆಲ್ಲ ಒಮ್ಮೆಗೇ ನೋಡುತ್ತಿದ್ದಂತೆ ಅವಳಿಗೆ ತೋರಿತು. ಅವರ ರೀತಿ ಅವಳಿಗೆ ಗೊತ್ತಿದ್ದದ್ದು ನಿಜ. ಅದನ್ನು ಅಪ್ಪನ ಮೇಲೆ ಪ್ರಯೋಗಿಸಲು ತನ್ನನ್ನೇ ಕರೆಯುತ್ತಾರೆಂದು ಮಾತ್ರ ಅವಳು ಎಣಿಸಿರಲಿಲ್ಲ.

"ಗೊತ್ತು ಸರ್. ಇಲ್ಲೇ ಹುಟ್ಟಿದ್ದಕ್ಕೇ ಗೊತ್ತು. ಅವರು ನಮ್ಮಪ್ಪ. ನೀವು ಸ್ವಲ್ಪ ಆಚೆ ನಿಂತ್ಕೊಂಡ್ರೆ ನಾನೂ ಎರಡು ಸಲಿಕೆ ಹಾಕ್ತೀನಿ."

ಹೆಂಗಸರು ಸಲಿಕೆ ಹಿಡಿಯುವ ಪದ್ಧತಿ ನೀವಿಸ್‌ನಲ್ಲೂ ಇರಲಿಲ್ಲ. ಪಾಸ್ಟರು ಅಡ್ಡ ಬರುವವರಂತೆ ಒಂದು ಹೆಜ್ಜೆ ಮುಂದಿಟ್ಟರು. ಯುಲಾಲಿ ಹಾಡು ನಿಲ್ಲಿಸದೆಯೇ ಅವರತ್ತ ನೋಡಿದಳು. ಅವರು ಹೆಜ್ಜೆ ಹಿಂತೆಗೆದುಕೊಂಡರು. ವರ್ನಾ ತನ್ನ ಪಕ್ಕದಲ್ಲಿದ್ದವನ ಕೈಯಿಂದ ಎನಿಡ್‌ಳ ಸಲಿಕೆ ತೆಗೆದುಕೊಂಡು, ಹೊಸ ಬೂಟು ಜೇಡಿಯಲ್ಲಿ ಹೂತುಹೋಗುವಂತೆ ನಿಂತು, ಮಣ್ಣು ಎತ್ತಿದಳು. ಎರಡಕ್ಕೆ ನಿಲ್ಲಿಸಲೂ ಇಲ್ಲ.

ಚಿಕ್ಕ ಸಲಿಕೆಗಳು, ದೊಡ್ಡ ಗುಂಡಿ. ಹೊತ್ತು ಹಿಡಿಯಿತು. ಹಾಡುಗಳು ಮುಗಿದು ಮತ್ತೆ ಮೊದಲಿನಿಂದ ಆರಂಭವಾದವು. ಯಂತ್ರದವನು ದೂರದಲ್ಲಿ ಯಂತ್ರ ನಿಲ್ಲಿಸಿ, ಸಿಗರೇಟನ್ನು ಹೊಸಕಿ, ಅದರ ಮೆಟ್ಟಿಲ ಮೇಲೆ ಕುಳಿತ. ಊಟದ ಮನೆಯಲ್ಲಿ ಕಾದು ಸಾಕಾಗಿ, ಕ್ಯಾಲ್ವರ್ಟ್‌ನ ಜೊತೆಗಾರ ವಿಲ್ಫ್ ಸಗ್ಡನ್ ಏನಾಯಿತೋ ಎಂದು ಹಿಂದಿರುಗಿ ಬಂದ.

"ಇನ್ನೂ ಮುಗಿದಿಲ್ವಾ ತಂಗೀ?" ಎಂದು ಯುಲಾಲಿಯನ್ನು ಕೇಳಿದ.

"ಅರ್ಧ ಆಯ್ತು. ನಿಲ್ಲೋದಾದ್ರೆ ನಿಲ್ಲು ವಿಲ್ಫ್. ಮಾತು ಬೇಡ, ಹಾಡ್ತಿದ್ದೀವಿ."

ವಿಲ್ಫ್ ನಿಂತ. ಹಾಡು ಬಾರದಿದ್ದರೂ ಟೋಪಿ ತೆಗೆದು ಕೊನೆಯವರೆಗೂ ನಿಂತ.

ಪೊಲೀಸರು ಬರಲಿಲ್ಲ. ಹೇಗ್ ಕರೆಸಿದನೋ ಇಲ್ಲವೋ ಯಾರೂ ವಿಚಾರಿಸಲಿಲ್ಲ. ದಿಬ್ಬವನ್ನು ಸಲಿಕೆಯ ಬೆನ್ನಿನಿಂದ ತಟ್ಟಿ, ಅಂಚು ತಿದ್ದಿ, ಹೂಗುಚ್ಛಗಳನ್ನಿಟ್ಟ ಮೇಲೆ ಅವನು ಮತ್ತೆ ಬಂದು, ತಾನು ಇದನ್ನು ಮೇಲಿನವರಿಗೆ ವರದಿ ಮಾಡಲೇಬೇಕಾಗುತ್ತದೆ ಎಂದ. ಯುಲಾಲಿ ಕೈಗವಸಿನ ಮಣ್ಣು ಕೊಡವಿಕೊಂಡಳು. ಅವಳ ದನಿ ಹಾಡಿ ಹಾಡಿ ಒಡೆದಿತ್ತು.

"ಮಾಡಿ. ನನ್ನ ಮನೆ ನಿಮಗೆ ಗೊತ್ತು. ಈ ಪಕ್ಕದ ಜಾಗ ನನ್ನದು ಅನ್ನೋದೂ ಗೊತ್ತು. ನಾನು ಬರೋ ದಿನ ಒಳ್ಳೆ ಸಲಿಕೆ ಹೊರಗಿಟ್ಟಿರಿ, ಮಿಸ್ಟರ್ ಹೇಗ್. ಅವತ್ತು ನಿಮ್ಮ ಹತ್ರ ಕೇಳೋಕೆ ಬರೋಳು ಇವಳು. ಇವಳಿಗೆ ನನ್ನಷ್ಟು ತಾಳ್ಮೆ ಇಲ್ಲ."

ವರ್ನಾ ಸಲಿಕೆಯನ್ನು ಹುಲ್ಲಿಗೆ ಒರೆಸುತ್ತಿದ್ದಳು. ತಲೆ ಎತ್ತಿ ಹೇಗ್‌ನನ್ನು ನೋಡಿದಳು. ಅವನು ಕಣ್ಣು ತಗ್ಗಿಸುವವರೆಗೂ ನೋಡಿದಳು. ಆಮೇಲೆ ತಾಯಿ ಮಗಳು ಕೆಸರು ಮೆತ್ತಿದ ಬೂಟುಗಳಲ್ಲೇ, ಸ್ಮಶಾನದ ನಡುದಾರಿ ಹಿಡಿದು, ಊಟಕ್ಕೆ ಹೊರಟರು.