ಸೋರುವ ಪೈಪಿಗೆ ಬೆಣೆ

ನಮ್ಮ ಮಾವನವರು ಗೋವಿನಜೋಳದ ದಿಂಡಿಗೆ ಚಿಂದಿ ಅರಿವಿ ಸುತ್ತಿ, ಬಚ್ಚಲಮನೆಯ ಹಿಂದಿನ ಪೈಪಿನ ಬಾಯಿಗೆ ತುರುಕಿ, ಬಡಿಯಲು ಕಲ್ಲು ಎತ್ತಿದ್ದರು. ನಾನು ಓಡಿಹೋಗಿ ದಿಂಡನ್ನು ಕಿತ್ತುಕೊಂಡು ಪೈಪಿಗೆ ಅಡ್ಡ ನಿಂತೆ.

ಅದು ಹೊಸದಾಗಿ ಹಾಕಿಸಿದ, ನೀರು ಕಾಯಿಸುವ ಹೀಟ್ ಪಂಪಿನ ಪೈಪು. ನೀರು ಕಾದು ಅದರ ಟಾಕಿಯೊಳಗೆ ಒತ್ತಡ ಹೆಚ್ಚಾದರೆ ವಾಲ್ವ್ ತೆರೆದುಕೊಂಡು ಈ ಪೈಪಿನಿಂದ ಹನಿ ಹನಿ ನೀರು ಹೊರಬೀಳುತ್ತದೆ. ಮಾವನವರು ನಮ್ಮೂರು ಮೊರಬದ ಕೆರೆಯಿಂದ ಕೊಡ ಹೊತ್ತು ಬೆಳೆದವರು. ನಳ ತೊಟ್ಟಿಕ್ಕಿದರೆ ಊಟ ಬಿಟ್ಟೆದ್ದು ಹೋಗಿ ಅರಿವಿ ಕಟ್ಟುತ್ತಾರೆ.

“ನೀರು ಹಾಳಾಗಾಕತ್ತೈತಿ, ಅತ್ತಾಗ ಸರಿ ಬೇ!” ಎಂದು ಗದರಿದರು.

ನಮ್ಮ ಮನೆಯಲ್ಲಿ ಸೊಸೆಯಂದಿರು ಮಾವನ ಎದುರು ನಿಂತು ಮಾತಾಡುವುದಿಲ್ಲ. ಏನಿದ್ದರೂ ಅತ್ತೆಯ ಬಾಯಿಂದಲೇ ಹೇಳಿಸಬೇಕು. ಅತ್ತೆ ಅಲ್ಲೇ ಇದ್ದರು, ಕಣ್ಣಲ್ಲೇ ಬೇಡವೆಂದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ.

“ಅದು ಸೋರ್ಲಿ ಅಂತನ ಇಟ್ಟಾರ್ರಿ ಮಾವಾರ. ಮುಚ್ಚಿದ್ರ ಟಾಕಿ ಸಿಡೀತೈತಿ. ನಾ ಇಲ್ಲಿಂದ ಸರಿಯಾಂಗಿಲ್ರಿ!”

ಅವರು ಕಲ್ಲನ್ನು ಅಲ್ಲೇ ಬಿಸಾಕಿ ಹೋದರು.

ಅಂದಿನಿಂದ ಮಾವನವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಬಿಡಲಿ. ತಪ್ಪಾಯಿತೆಂದು ಕಾಲಿಗೆ ಬೀಳು ಎಂದು ಅತ್ತೆ ಹೇಳಿದರು, ಬೀಳಲಿಲ್ಲ. ಪೈಪಿನ ಕೆಳಗೆ ಒಂದು ಬಕೆಟ್ ಇಟ್ಟಿದ್ದೇನೆ. ಅದು ತುಂಬಿದರೆ ಮಾವನವರೇ ಒಯ್ದು ಕರಿಬೇವಿನ ಗಿಡಕ್ಕೆ ಸುರಿಯುತ್ತಾರೆ, ನನ್ನತ್ತ ಮಾತ್ರ ನೋಡುವುದಿಲ್ಲ. ಆ ಟಾಕಿ ಇರುವುದು ಬಚ್ಚಲಮನೆಯ ಗೋಡೆಗೆ ಹತ್ತಿಕೊಂಡು. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅಲ್ಲಿ ಜಳಕಕ್ಕೆ ಕೂಡುವವರು ಅವರೇ.