ಡಬ್ಬಿಯ ಮೇಲಿನ ಮೂರು ಗೆರೆ

ಐವತ್ತರ ಹೊಸ್ತಿಲಲ್ಲಿರುವ ಗಂಡಸು ವಿಡಿಯೋ ಗೇಮ್ ಆಡುತ್ತಾನೆಂದರೆ ನಮ್ಮ ಚನ್ನಗಿರಿಯಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲ. ನನಗೆ ಮೊದಲೇ ಮದುವೆಯಾಗಿತ್ತು, ಬಚಾವಾದೆ. ಹಗಲೆಲ್ಲ ಅಂಗಡಿಯಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವವನು, ಸಂಜೆ ಟೀವಿಯ ಮುಂದೆ ಕೂತು ರೇಸ್ ಕಾರು ಓಡಿಸುತ್ತೇನೆ. ನಿಜವಾದ ಕಾರು ಓಡಿಸಲು ಬರುವುದಿಲ್ಲ. ಸೂಳೆಕೆರೆ ಏರಿಯ ಮೇಲೆ ಎದುರಿಗೆ ಲಾರಿ ಬಂದರೆ ಸ್ಕೂಟರ್ ಇಳಿದು ನಿಲ್ಲುವ ಆಸಾಮಿ ನಾನು.

ಈ ಆಟಗಳ ಡಿಸ್ಕು ಹೊಸದಾಗಿ ಕೊಳ್ಳುವಷ್ಟು ತಾಕತ್ತು ನನಗಿಲ್ಲ. ಆಡಿ ಮುಗಿಸಿದ್ದನ್ನು ಡಬ್ಬಿ ಸಮೇತ ಆನ್‌ಲೈನ್ ಅಂಗಡಿಯೊಂದಕ್ಕೆ ಕಳಿಸುತ್ತೇನೆ. ಅವರು ಅದಕ್ಕೊಂದು ದರ್ಜೆ ಕೊಟ್ಟು, ಬೆಲೆ ಕಟ್ಟಿ, ಬದಲಿಗೆ ಇನ್ಯಾರೋ ಆಡಿ ಬಿಟ್ಟದ್ದನ್ನು ಕಳಿಸುತ್ತಾರೆ. ಹೆಂಡತಿ ಇದನ್ನು ಎಂಜಲು ಎನ್ನುತ್ತಾಳೆ.

ವಿನಿಮಯ ನಮಗೇನೂ ಹೊಸದಲ್ಲ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳು ಓಣಿಗೆ ಬಂದರೆ ನಮ್ಮವ್ವನಿಗೆ ಅದೇ ಹಬ್ಬ. ಇಬ್ಬರೂ ಕಟ್ಟೆಯ ಮೇಲೆ ಕೂತು, ಎಲೆಅಡಿಕೆ ಹಾಕಿಕೊಂಡು, ಒಂದು ಡಬರಿಗಾಗಿ ಮಧ್ಯಾಹ್ನವಿಡೀ ಜಗಳವಾಡಿ, ಕೊನೆಗೆ ಒಬ್ಬರ ಸೊಸೆಯ ಸುದ್ದಿಯನ್ನು ಇನ್ನೊಬ್ಬರು ಕೇಳಿ ಏಳುತ್ತಿದ್ದರು. ಸೀರೆ ಕೈಬಿಡುವ ಮುನ್ನ ಅವ್ವ ಅದರ ಅಂಚಿನಿಂದ ಒಂದೆಳೆ ದಾರ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. "ಮನೀದು ಅಂಬೋದು ಪೂರ್ತಿ ಹೊರಗೆ ಹೋಗಬಾರ್ದಪ್ಪ. ಒಂದೆಳೆ ಆದ್ರೂ ಇಟ್ಕೋಬೇಕು" ಎನ್ನುತ್ತಿದ್ದಳು. ನಾನು ನಗುತ್ತಿದ್ದೆ. ಆಗ ನಗು ಸಲೀಸಾಗಿ ಬರುತ್ತಿತ್ತು.

ಆಯುಧ ಪೂಜೆಯ ದಿನ ಅವ್ವನ ಕೈಗೆ ಸಿಕ್ಕ ಯಾವ ವಸ್ತುವಿಗೂ ವಿಭೂತಿ ತಪ್ಪುತ್ತಿರಲಿಲ್ಲ. ಸ್ಕೂಟರು, ಮಿಕ್ಸಿ, ಸ್ಪ್ಯಾನರು ಎಲ್ಲ ಆದ ಮೇಲೆ ನನ್ನ ಗೇಮಿನ ಡಬ್ಬಿಗಳ ಸರದಿ. ಪ್ಲಾಸ್ಟಿಕ್ಕಿಗೆ ಹತ್ತುವುದಿಲ್ಲವೆಂದು ವಿಭೂತಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಬೆರೆಸುತ್ತಿದ್ದಳು. ಅದು ಆಟದ ಸಾಮಾನು ಕಣವ್ವ ಎಂದರೆ, "ದುಡಿಯಾಕೆ ಸ್ಪ್ಯಾನರು, ನಗಾಕೆ ಇದು. ಎರಡೂ ಆಯುಧನೇ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅವಳ ಉಂಗುರದ ಬೆರಳು ಸೊಟ್ಟಗಿತ್ತು. ಹಾಗಾಗಿ ಮೂರು ಗೆರೆಯಲ್ಲಿ ಕೆಳಗಿನದು ಯಾವಾಗಲೂ ಅರ್ಧಕ್ಕೆ ಬಂದು ಜಾರಿಬಿಡುತ್ತಿತ್ತು.

ಅವ್ವ ಹೋಗಿ ವರ್ಷವಾದ ಮೇಲೆ ಕಪಾಟು ಖಾಲಿ ಮಾಡುವ ಹುರುಪಿನಲ್ಲಿ ಹಿಂದೆ ಬಿದ್ದಿದ್ದ ಹಳೇ ಆಟವೊಂದನ್ನು ನೋಡದೆಯೇ ಕಟ್ಟಿ ಕಳಿಸಿದೆ. ವಾರದಲ್ಲಿ ಅಂಗಡಿಯವರಿಂದ ಮೊಬೈಲಿಗೆ ಒಂದು ಫೋಟೋ ಬಂತು. 'ಡಬ್ಬಿಯ ಮೇಲೆ ಕಲೆ. ಕೊನೆಯ ದರ್ಜೆ. ಒಪ್ಪಿಗೆಯೇ?'

ಕಲೆಯನ್ನು ದೊಡ್ಡದು ಮಾಡಿ ನೋಡಿದೆ. ಮೂರು ಗೆರೆ. ಕೆಳಗಿನದು ಅರ್ಧಕ್ಕೆ ಜಾರಿತ್ತು.

ಮಿಕ್ಸಿಯ ಮೇಲಿನ ವಿಭೂತಿಯನ್ನು ಹೆಂಡತಿ ಎಂದೋ ಒರೆಸಿದ್ದಳು. ಸ್ಪ್ಯಾನರಿನದು ನನ್ನ ಕೈಗೇ ಅಳಿಸಿತ್ತು. ಯಾರೂ ಮುಟ್ಟದ ಈ ಡಬ್ಬಿಯ ಮೇಲೆ ಮಾತ್ರ ಅವ್ವನ ಬೆರಳು ಉಳಿದಿತ್ತು. ನಾನು ಅದನ್ನು ಒಂದೆಳೆ ದಾರವನ್ನೂ ಕೀಳದೆ ಮಾರಾಟಕ್ಕೆ ಕಳಿಸಿದ್ದೆ.

ಸಹಾಯವಾಣಿಗೆ ಫೋನು ಹಚ್ಚಿದೆ. ಹಾಡು ಕೇಳಿಸಿ ಕೇಳಿಸಿ ಕೊನೆಗೆ ಒಂದು ಹುಡುಗಿಯನ್ನು ಕೊಟ್ಟರು. ನಾನು ತಡವರಿಸುತ್ತ ಹೇಳಿದ್ದನ್ನೆಲ್ಲ ಕೇಳಿ ಅವಳು, "ಸರ್, ನಂದು ಬಿಳಿಚೋಡು. ನಮ್ಮನೇಲೂ ಟ್ರ್ಯಾಕ್ಟರಿಗೆ ಹಿಂಗೇ ಹಚ್ತಾರೆ" ಎಂದಳು. ಜಗಳೂರಿನ ಕಡೆಯ ಆ ದನಿ ಕೇಳಿ ನನ್ನ ಜೀವಕ್ಕೆ ಸಮಾಧಾನವಾಯಿತು.

"ವಾಪಸ್ ಕಳ್ಸವ್ವ. ಒರೆಸಬ್ಯಾಡ್ರಿ ಅಂತ ಬರಿ, ಅಷ್ಟು ಸಾಕು."

"ಬರೀತೀನಿ ಸರ್. ಆದ್ರೆ ಇಲ್ಲಿ ವಿಭೂತಿ ಅಂತ ಬರಿಯಾಕೆ ಜಾಗ ಇಲ್ಲ. 'ಕಲೆ ಬಗ್ಗೆ ದೂರು' ಅಂತ ಒಂದೇ ಐತೆ. ಅದನ್ನೇ ಒತ್ತಿ, ಕೆಳಗೆ ನೀವು ಹೇಳಿದ್ದು ಹಾಕ್ತೀನಿ."

ಅವಳು ಬರೆದೇ ಇರುತ್ತಾಳೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಗೋದಾಮಿನಲ್ಲಿ ಕೆಳಗಿನ ಸಾಲು ಓದುವಷ್ಟು ಪುರುಸೊತ್ತು ಯಾರಿಗಿರುತ್ತದೆ? ಕಲೆಯ ಬಗ್ಗೆ ದೂರು ಬಂದರೆ ಕಲೆ ತೆಗೆಯುವುದು ಅಲ್ಲಿನ ಧರ್ಮ. ಪಾತ್ರೆಯವಳಾಗಿದ್ದರೆ ಓಣಿಯ ತುದಿವರೆಗೆ ಓಡಿಹೋಗಿ ಬುಟ್ಟಿಗೆ ಕೈ ಹಾಕಿ ಕಿತ್ತುಕೊಂಡು ಬರುತ್ತಿದ್ದೆ. ಇವರ ಬುಟ್ಟಿ ಎಲ್ಲಿದೆಯೆಂದೇ ನನಗೆ ಗೊತ್ತಿಲ್ಲ.

ಪೊಟ್ಟಣ ಬಂತು. ಬಿಚ್ಚಿದರೆ ಡಬ್ಬಿ ಫಳಫಳ ಹೊಳೆಯುತ್ತಿತ್ತು. ಔಷಧಿ ಅಂಗಡಿಯ ವಾಸನೆ. ಮೇಲೊಂದು ಚೀಟಿ: 'ತೊಂದರೆಗೆ ಕ್ಷಮಿಸಿ. ಶುಚಿಗೊಳಿಸಿದ್ದೇವೆ. ಈಗ ಮೊದಲ ದರ್ಜೆ.' ಹೆಂಡತಿ ಡಬ್ಬಿಯನ್ನು ತಿರುಗಿಸಿ ನೋಡಿದಳು. ಎಂಜಲು ಎನ್ನಲಿಲ್ಲ. ಟೀವಿಯ ಪಕ್ಕ ಇಟ್ಟು ಒಳಗೆ ಹೋದಳು.

ಇಷ್ಟು ಮರ್ಯಾದೆಯಾಗಿ, ಕ್ಷಮೆ ಕೇಳಿ, ಖರ್ಚಿಲ್ಲದೆ ನನ್ನ ತಾಯಿಯನ್ನು ಒರೆಸಿ ಕಳಿಸಿದವರನ್ನು ಬೈಯುವುದಾದರೂ ಹೇಗೆ? ಆದರೂ ಬೈದೆ, ಗೋಡೆಗೆ ಮುಖ ಮಾಡಿ, ಬಾಯಿಗೆ ಬಂದ ಹಾಗೆ.

ಈ ಸಲದ ಆಯುಧ ಪೂಜೆಯಲ್ಲಿ ವಿಭೂತಿಗೆ ಕೊಬ್ಬರಿ ಎಣ್ಣೆ ಬೆರೆಸಿ ನಾನೇ ಆ ಡಬ್ಬಿಗೆ ಹಚ್ಚಿದೆ. ನನ್ನ ಬೆರಳುಗಳೆಲ್ಲ ನೆಟ್ಟಗಿವೆ. ಮೂರು ಗೆರೆಯೂ ಚೆನ್ನಾಗಿ, ಒಂದೇ ಸಮನಾಗಿ ಬಂದವು. ಅಂಗಡಿಯವರು ನೋಡಿದ್ದರೆ ಮೊದಲ ದರ್ಜೆ ಎನ್ನುತ್ತಿದ್ದರೇನೋ. ಸ್ವಲ್ಪ ಹೊತ್ತು ನೋಡುತ್ತ ಕೂತೆ. ಆಮೇಲೆ ಪಂಚೆಯ ತುದಿಯಿಂದ ನಾನೇ ಒರೆಸಿಬಿಟ್ಟೆ.