ಸೀಲಿನ ಎರಡನೇ ಸಾಲು

ನನ್ನ ಆಫೀಸು ತುಮಕೂರಿನ ಬಟವಾಡಿಯಲ್ಲಿ, ಒಂದು ಮೆಡಿಕಲ್ ಸ್ಟೋರಿನ ಮೇಲಿದೆ. ವಕೀಲಿಕೆಗೆ ಬಂದ ಹೊಸದರಲ್ಲಿ ಗುಬ್ಬಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ತುಮಕೂರಿಗೆ ಬರುತ್ತಿದ್ದವಳು ನಾನು. ವಕೀಲರ ಕೋಣೆಯಲ್ಲಿ ಹೆಂಗಸರಿಗೂ ಒಂದೆರಡು ಕುರ್ಚಿ ಹಾಕಿಸಿ ಎಂದು ಕೇಳಿದ್ದಕ್ಕೆ, 'ಯಾಕ್ ತಾಯಿ, ಮನೇಲಿ ಕುರ್ಚಿ ಇಲ್ವಾ?' ಎಂದ ಹಿರಿಯರಿದ್ದರು. ಅಂಥವರ ಜೊತೆ ಜಗಳವಾಡಿಕೊಂಡೇ ಬೆಳೆದೆ. ಹಾಗಾಗಿ ಈ ವೃತ್ತಿಯಲ್ಲಿ ಎಲ್ಲರಿಗೂ ಜಾಗ ಇರಬೇಕು ಅಂತ ಯಾರಾದರೂ ಭಾಷಣ ಇಟ್ಟುಕೊಂಡರೆ ನನ್ನನ್ನೇ ಕರೆಯುತ್ತಾರೆ. ನಾನೂ ಸಂಕೋಚವಿಲ್ಲದೆ ಹೋಗುತ್ತೇನೆ. ಭಾಷಣ ಮಾಡುವುದು ನನಗೆ ಇಷ್ಟ, ಸುಳ್ಳೇಕೆ ಹೇಳಲಿ.

ನನ್ನ ಬಳಿ ಒಬ್ಬಳು ಜೂನಿಯರ್ ಇದ್ದಾಳೆ. ಗುಬ್ಬಿ ಕಡೆಯ ಹಳ್ಳಿಯವಳು, ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಅವರ ಮನೆಯಲ್ಲಿ ವಕೀಲಿಕೆಗೆ ಬಂದವರಲ್ಲಿ ಇವಳೇ ಮೊದಲು. ಟೈಪ್ ಮಾಡಿದ ಕಾಗದಗಳನ್ನು ಫೋನು ಅವಳ ಕಿವಿಯಲ್ಲಿ ಓದುತ್ತದೆ, ಅದೂ ನಮಗೆ ಒಂದಕ್ಷರವೂ ತಿಳಿಯದಷ್ಟು ವೇಗವಾಗಿ. ಹಳೆಯ ಕೈಬರಹದ ಪತ್ರಗಳನ್ನು ನಮ್ಮ ಗುಮಾಸ್ತರು ಓದಿ ಹೇಳುತ್ತಾರೆ, ನಡುನಡುವೆ ಆ ಪತ್ರ ಬರೆದವನನ್ನು ಬೈದುಕೊಳ್ಳುತ್ತಾ. ಅವಳು ಕೇಳಿಕೊಂಡು ಕರಡು ಸಿದ್ಧ ಮಾಡುತ್ತಾಳೆ. ಅದರಲ್ಲಿ ನಾನು ತಿದ್ದುವುದು ಕಡಿಮೆ. ತಿದ್ದಿದರೆ ಜಗಳಕ್ಕೆ ಬರುತ್ತಾಳೆ.

ಇಷ್ಟೆಲ್ಲ ಇದ್ದರೂ ಅವಳ ಹೆಸರು ವಕಾಲತ್ತಿನಲ್ಲಿ ಇರಲಿಲ್ಲ. ವಕಾಲತ್ತು ಅಂದರೆ, ಇವರು ನಮ್ಮ ಪರವಾಗಿ ವಾದಿಸಲಿ ಎಂದು ಕಕ್ಷಿದಾರರು ಸಹಿ ಹಾಕಿಕೊಡುವ ಹಾಳೆ. ನಾವು ಅದರ ಮೇಲೆ ಆಫೀಸಿನ ರಬ್ಬರ್ ಸೀಲು ಒತ್ತುತ್ತೇವೆ. ಸೀಲಿನಲ್ಲಿ ಹೆಸರಿದ್ದವರಿಗೆ ಮಾತಾಡುವ ಹಕ್ಕು. ನಮ್ಮ ಸೀಲಿನಲ್ಲಿ ಎರಡೇ ಸಾಲು, ಮೊದಲು ನಾನು, ಆಮೇಲೆ ಇನ್ನೊಬ್ಬ ಜೂನಿಯರ್. ಅವನು ಸೇರಿದ್ದು ಇವಳಾದ ಮೇಲೆ. ಆದರೂ ಗುಬ್ಬಿ, ಕುಣಿಗಲ್ ಅಂತ ಓಡಾಡಬೇಕಲ್ಲ ಎಂದು ಎರಡೇ ತಿಂಗಳಲ್ಲಿ ಅವನ ಹೆಸರು ಸೇರಿಸಿದ್ದೆ. ಇವಳಿಗೆ ಆ ಮೆಟ್ಟಿಲು, ಆ ನೂಕುನುಗ್ಗಲು ಯಾಕೆ ಪಾಪ, ಆಫೀಸಿನಲ್ಲಿ ಹಾಯಾಗಿರಲಿ ಎಂದುಕೊಂಡಿದ್ದೆ. ಒಮ್ಮೆ ಅವಳೇ ಬಾಯಿಬಿಟ್ಟು ಕೇಳಿದಾಗ, 'ನೋಡೋಣ ಕಣೇ, ಅವಸರ ಏನು?' ಎಂದಿದ್ದೆ. ಅದನ್ನು ಅಕ್ಕರೆ ಎಂದೇ ತಿಳಿದಿದ್ದೆ.

ಕಳೆದ ವರ್ಷ ಕುಣಿಗಲ್ಲಿನ ಒಂದು ಕೇಸು ಬಂತು. ಮನೆಯ ಮುಂದೆ ತಟ್ಟೆ ಇಡ್ಲಿ ಮಾಡಿ ಮಾರುವ ಹೆಂಗಸು. ಅವರ ಮನೆಗೆ ಹೋಗುವ ಸಂದಿಗೆ ಅಡ್ಡವಾಗಿ ಪಕ್ಕದವರು ಗೋಡೆ ಎಬ್ಬಿಸಲು ಹೊರಟಿದ್ದರು. ಗೋಡೆಗೆ ತಡೆಯಾಜ್ಞೆ ಕೇಳಿದ್ದೆವು. ಅದರ ವಾದ ಇದ್ದ ದಿನವೇ ತುಮಕೂರಿನ ಕಾಲೇಜೊಂದರಲ್ಲಿ ನನ್ನ ಭಾಷಣ. ಇನ್ನೊಬ್ಬ ಜೂನಿಯರಿಗೆ ಜ್ವರ. 'ನೀನು ಗುಮಾಸ್ತರ ಜೊತೆ ಹೋಗಿ, ಇನ್ನೊಂದ್ ಡೇಟ್ ಕೊಡಿ ಅಂತ ಟೈಮ್ ಕೇಳ್ಕೊಂಡು ಬಾ, ಅಷ್ಟೇ' ಎಂದು ಇವಳನ್ನು ಕಳಿಸಿದೆ. ಬರೀ ಟೈಮ್ ಕೇಳುವುದಕ್ಕೆ ವಕಾಲತ್ತಿನಲ್ಲಿ ಹೆಸರಿಲ್ಲದಿದ್ದರೂ ನಡೆಯುತ್ತದೆ.

ಭಾಷಣ ಚೆನ್ನಾಗಿಯೇ ಆಯಿತು. ಬಾಗಿಲು ತೆಗೆದರೆ ಸಾಲದು, ಒಳಗೆ ಬಂದವರಿಗೆ ಮಾತಾಡಲೂ ಬಿಡಬೇಕು ಎಂದೆಲ್ಲ ಹೇಳಿದೆ. ಚಪ್ಪಾಳೆ ಬಿತ್ತು. ಶಾಲು ಹೊದಿಸಿ ಮುಗಿಯುವುದಕ್ಕೂ ಅವಳ ಫೋನು ಬರುವುದಕ್ಕೂ ಸರಿಹೋಯಿತು.

'ಮೇಡಂ, ಜಡ್ಜ್ ಟೈಮ್ ಕೊಡಲ್ಲ ಅಂದ್ರು. ಇವತ್ತೇ ಆರ್ಗ್ಯೂ ಮಾಡಿ ಅಂದ್ರು. ನಾನು ರೆಡಿ ಇದ್ದೆ.'

'ಮತ್ತೆ ಮಾಡೇ!'

'ಆ ಕಡೆ ಲಾಯರ್ ಎದ್ದು, ಇವ್ರ ಹೆಸ್ರು ವಕಾಲತ್ತಲ್ಲೇ ಇಲ್ಲ ಅಂದ್ಬಿಟ್ರು. ಇಲ್ವಲ್ಲ ಮೇಡಂ. ನಾನೇನ್ ಹೇಳ್ಲಿ? ಕೂತ್ಕೊಂಡೆ. ಊಟ ಆದ್ಮೇಲೆ ತಗೋತೀನಿ ಅಂದಿದಾರೆ.'

ಹೆಗಲ ಮೇಲೆ ಶಾಲು ಹಾಗೇ ಇತ್ತು. ಮುಖ ಎಲ್ಲಿ ಇಟ್ಟುಕೊಳ್ಳಲಿ ಎಂದು ತೋಚಲಿಲ್ಲ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಊಟಕ್ಕೂ ನಿಲ್ಲದೆ ಕಾರು ಹತ್ತಿ ಕುಣಿಗಲ್ಲಿಗೆ ಹೊರಟೆ. ದಾರಿಯುದ್ದಕ್ಕೂ ತಲೆಯಲ್ಲಿದ್ದದ್ದು ಒಂದೇ, ನಾನೇ ಹೋಗಿ ವಾದ ಮಾಡಿ ಎಲ್ಲ ಸರಿ ಮಾಡಿಬಿಡುತ್ತೇನೆ ಎಂಬುದು. ನನಗೆ ಬುದ್ಧಿ ಬರುವುದು ಅಷ್ಟು ಸಲೀಸಲ್ಲ.

ಕೋರ್ಟಿನ ಹೊರಗಿನ ಬೆಂಚಿನ ಮೇಲೆ ಅವಳು, ಗುಮಾಸ್ತರು, ಇಡ್ಲಿಯ ಹೆಂಗಸು ಮೂವರೂ ಕೂತಿದ್ದರು. 'ಫೈಲ್ ಕೊಡು, ನಾನ್ ನೋಡ್ಕೋತೀನಿ' ಎಂದು ಕೈ ಚಾಚಿದೆ. ಅವಳು ಫೈಲನ್ನು ಎದೆಗೆ ಒತ್ತಿಕೊಂಡಳೇ ಹೊರತು ಕೊಡಲಿಲ್ಲ.

'ಮೇಡಮ್ನೋರೆ, ನೀವು ನಮ್ ಸಂದಿ ನೋಡಿದೀರಾ?' ಎಂದು ಹೆಂಗಸು ಕೇಳಿದರು.

ಫೋಟೋ ನೋಡಿದ್ದೆ, ಸಂದಿ ನೋಡಿರಲಿಲ್ಲ.

'ಇವಮ್ಮ ಬಂದಿದ್ರು, ಭಾನ್ವಾರ. ಗೋಡೆ ಮುಟ್ಕಂಡು ಮೂರ್ ಸಲ ನಡುದ್ರು. ಎಷ್ಟ್ ಹೆಜ್ಜೆ, ಎಲ್ಲಿ ತಿರುಗ್ತದೆ, ಎಲ್ಲಾ ಲೆಕ್ಕ ಇಟ್ಕಂಡವ್ರೆ. ಇವ್ರೇ ಮಾತಾಡ್ಲಿ ಬುಡಿ.'

ನನಗೆ ತಿಳಿಸದೆ ಒಬ್ಬಳೇ ಬಸ್ಸು ಹತ್ತಿ ಬಂದಿದ್ದಳಂತೆ. ಯಾಕೆ ಹೇಳಲಿಲ್ಲ ಎಂದು ಗದರಿದೆ. 'ಹೇಳಿದ್ರೆ ಬೇಡ ಅಂತಿದ್ರಿ' ಎಂದಳು. ನಿಜ, ಅಂತಿದ್ದೆ.

ಗುಮಾಸ್ತರು ಚೀಲದಿಂದ ಒಂದು ಖಾಲಿ ವಕಾಲತ್ತು ಹಾಳೆ ತೆಗೆದರು. ಬೆಳಿಗ್ಗೆಯೇ ತಂದಿಟ್ಟುಕೊಂಡಿದ್ದರೋ ಏನೋ. ಹೆಂಗಸು ಸಹಿ ಹಾಕಿದರು. ಅವಳ ಹೆಸರನ್ನು ನಾನೇ ಕೈಯಾರೆ ಬರೆದೆ. ಅವಳು ಸಹಿ ಮಾಡಬೇಕಾದ ಜಾಗದ ಕೆಳಗೆ ಸ್ಕೇಲು ಇಟ್ಟು, ಬೆರಳು ಹಿಡಿದು ಅಲ್ಲಿಗೆ ತಂದೆ. ಸ್ಕೇಲಿನ ಅಂಚಿಗೆ ಪೆನ್ನು ತಾಗಿಸಿಕೊಂಡು ನೀಟಾಗಿ ಸಹಿ ಹಾಕಿದಳು. ಅಷ್ಟು ದಿನ ಜೊತೆಗಿದ್ದರೂ ಅವಳ ಸಹಿ ಹೇಗಿದೆ ಎಂದು ನಾನು ನೋಡಿರಲೇ ಇಲ್ಲ.

ಊಟದ ನಂತರ ಕೇಸು ಕೂಗಿದಾಗ ಅವಳೇ ಎದ್ದು ನಿಂತಳು. ಎದುರು ವಕೀಲರು ತಮ್ಮ ಕಕ್ಷಿದಾರರ ಕ್ರಯಪತ್ರವನ್ನು ಎತ್ತಿ ಹಿಡಿದು, 'ಇದನ್ನ ಆ ಮೇಡಂ ನೋಡಲಿ' ಎಂದರು. 'ನೀವೇ ಓದಿ ಹೇಳಿ' ಎಂದರು ಜಡ್ಜ್. ಹಿಂದೆ ಕೂತಿದ್ದ ನಾನು ಸಹಾಯ ಮಾಡಲು ಎದ್ದೇಬಿಟ್ಟಿದ್ದೆ. ಗುಮಾಸ್ತರು ನನ್ನ ಕರಿಕೋಟಿನ ತೋಳು ಹಿಡಿದೆಳೆದು, 'ಸುಮ್ಕೆ ಕೂತ್ಕಳಿ ಮೇಡಂ' ಎಂದು ಕೂರಿಸಿದರು. ಇಪ್ಪತ್ತು ವರ್ಷದಲ್ಲಿ ಅವರು ನನ್ನನ್ನು ಗದರಿದ್ದು ಅದೊಂದೇ ಸಲ.

ಎದುರು ವಕೀಲರು ಗೊಣಗುತ್ತಾ ಓದಿದರು. 'ಚೆಕ್ಕುಬಂದಿ ಇನ್ನೊಂದ್ಸಲ ಓದ್ತೀರಾ ಸರ್?' ಎಂದಳು ಅವಳು. ನಾಲ್ಕು ದಿಕ್ಕಿನ ಎಲ್ಲೆಗಳನ್ನು ಅವರು ಮತ್ತೆ ಓದಬೇಕಾಯಿತು. ಪಶ್ಚಿಮಕ್ಕೆ, ಓಡಾಡುವ ಸಂದಿ.

'ಇವ್ರ ಜಾಗ ಆ ಸಂದಿಗೇ ಮುಗೀತು. ನಾವು ಕೇಳ್ತಿರೋದು ಅದೇ ಸಂದಿ ಸ್ವಾಮಿ' ಎಂದಳು. ಆಮೇಲೆ ಆ ಸಂದಿಯಲ್ಲಿ ಎಷ್ಟು ಹೆಜ್ಜೆಗೆ ಏನು ಸಿಗುತ್ತದೆ ಎಂದು ಒಂದೊಂದಾಗಿ ಹೇಳಿದಳು. ಜಡ್ಜ್ ತಲೆ ಎತ್ತದೆ ಬರೆದುಕೊಂಡರು. ನಾನು ಅಷ್ಟು ಚೆನ್ನಾಗಿ ವಾದಿಸುತ್ತಿರಲಿಲ್ಲ, ಸಂದಿಯನ್ನೇ ನೋಡಿರದವಳು. ಆದೇಶ ಮುಂದಿನ ವಾರ ನಮ್ಮ ಪರವಾಗಿ ಬಂತು. ಆದರೆ ಅದಕ್ಕೂ ಕಾಯದೆ, ವಾದ ಮುಗಿದ ದಿನವೇ ಸಂಜೆ ಆ ಹೆಂಗಸು ನಮ್ಮನ್ನು ಕೂರಿಸಿ ಇಡ್ಲಿ ಬಡಿಸಿದರು. ಹೊಟ್ಟೆ ಹಸಿದಿತ್ತು, ನಾಲ್ಕು ತಿಂದೆ.

ಮರುದಿನವೇ ಹೊಸ ಸೀಲಿಗೆ ಹೇಳಿದೆ. ಅದು ಬಂದಾಗ ಅವಳ ಕೈಗೇ ಕೊಟ್ಟೆ. ಹೆಬ್ಬೆರಳಿನಿಂದ ಉಬ್ಬಕ್ಷರಗಳನ್ನು ನಿಧಾನವಾಗಿ ಸವರಿದಳು.

'ಮೂರು ಸಾಲಿದೆ. ನಂದು ಕೊನೇದಾ ಮೇಡಂ?'

'ಎರಡನೇದು ಕಣೇ. ಅವನಿಗಿಂತ ಮೊದ್ಲು ಸೇರಿದ್ದು ನೀನೇ ಅಲ್ವಾ.'

ಅವಳ ಬೆರಳು ಆ ಸಾಲಿನ ಮೇಲೆ ಬಹಳ ಹೊತ್ತು ನಿಂತಿತು. ಆಮೇಲೆ ಏನೋ ನೆನಪಾದವಳಂತೆ ಕೇಳಿದಳು, 'ಅವತ್ತು ಕಾಲೇಜಲ್ಲಿ ಭಾಷಣ ಏನ್ ಮಾಡಿದ್ರಿ ಮೇಡಂ? ಕೇಳೋಕೇ ಆಗ್ಲಿಲ್ಲ.'

'ಏನಿಲ್ಲ ಬಿಡೇ' ಎಂದು ಇಂಕ್ ಪ್ಯಾಡನ್ನು ಅವಳ ಕಡೆಗೆ ಸರಿಸಿದೆ.